ಬಸವಣ್ಣನ ಸಾಲು

ಟಕ್ — ಗೋವಿನಜೋಳದ ಸೂಲಂಗಿ, ನೆತ್ತಿಯ ಹೂಗೊಂಚಲು, ಕಿತ್ತು ಬರುವ ಸದ್ದು, ಮತ್ತೆ ಟಕ್, ಬದುವಿನ ಮೇಲೆ ಚಹಾದ ಕಿಟ್ಲಿ ಹಿಡಿದು ನಿಂತ ಸುಧಾರಾಣಿಯ ಕಿವಿಯಲ್ಲಿ ಆ ಸದ್ದನ್ನೂ ಮೀರಿ ಶೀಲಾಳ ದನಿ, ಐದು, ಹತ್ತು, ಹದಿನೈದು, ಇಪ್ಪತ್ತು — ಈಗಿನದಲ್ಲ, ಬೆಳಿಗ್ಗೆಯದು, ಮೊನ್ನೆಯ ಗಾಳಿಗೆ ಗುರುತಿನ ಗೂಟಗಳೆಲ್ಲ ಮಲಗಿದ್ದವು, ನಾಲ್ಕು ಹೆಣ್ಣು ಸಾಲು, ಐದನೆಯದು ಗಂಡು, ಗಂಡಿನ ಸೂಲಂಗಿ ಉಳಿಯಬೇಕು, ಹೆಣ್ಣಿನದು ಹೂಪುಡಿ ಉದುರುವ ಮೊದಲೇ ಹೋಗಬೇಕು, ಗಂಡಿನ ಪುಡಿಯಷ್ಟೇ ಹೆಣ್ಣಿಗೆ ತಾಗಬೇಕು, ಹಾಗಾದರೇ ರಾಣೆಬೆನ್ನೂರಿನ ಬೀಜದ ಕಂಪನಿಯವರು ಒಯ್ಯುತ್ತಾರೆ, ಇಲ್ಲದಿದ್ದರೆ ಹೊಲಕ್ಕೆ ಹೊಲವೇ ಕೋಳಿಯ ಕಾಳು. ನೋಡಲು ಎರಡೂ ಒಂದೇ ಹಸಿರು, ಎಣಿಕೆಯೇ ಗುರುತು, ಎಣಿಸಿದವಳು ಶೀಲಾ, ಮೈದುನನ ಹೆಂಡತಿ, ಮನೆಗೆ ಬಂದು ಎರಡು ವರ್ಷ ತುಂಬದವಳು, ಬಿಎಸ್ಸಿ ಓದಿದವಳು, ಕೆಂಪು ಬಟ್ಟೆಯ ಚೂರುಗಳನ್ನು ಹೆಗಲಿಗೆ ಹಾಕಿಕೊಂಡು ಬದುಗುಂಟ ನಡೆದೇಬಿಟ್ಟಳು, ಒಂದೊಂದೇ ಎಣಿಸದೆ ಐದೈದಕ್ಕೆ ಹಾರುತ್ತ, ಮತ್ತು ಮಾವ ಅಜ್ಜಪ್ಪ ಹಾವೇರಿಯಲ್ಲಿ ಪೊರೆ ತೆಗೆಸಿದ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದಲ್ಲಿಂದಲೇ ಫೋನಿನಲ್ಲಿ, ಶೀಲಾನ ಎಣಿಸ್ಲಿ ಬಿಡ್ರಿ, ಆಕೀ ಲೆಕ್ಕ ಅಂದ್ರ ಬೆಣ್ಣಿಯೊಳಗಿಂದ ಕೂದಲ ತಗದಂಗ — ಎಲ್ಲರಿಗೂ ಕೇಳುವಂತೆ.

ಹತ್ತು ವರ್ಷ ಎಣಿಸಿದ್ದು ಯಾರು, ಮಾವನ ಹಿಂದೆ ಗೂಟ ಹೊತ್ತು ನಡೆದದ್ದು ಯಾರು, ಆಗ ಬೆಣ್ಣೆಯೂ ಇರಲಿಲ್ಲ ಕೂದಲೂ ಇರಲಿಲ್ಲ, ಹೂಂ ಮುಂದ ನಡಿ ತಂಗಿ, ಮಾವನ ಮಾತು ಅಷ್ಟೇ — ಇನ್ನು ಮಗಳು, ತನ್ನದೇ ಹೊಟ್ಟೆಯಲ್ಲಿ ಹೊತ್ತ ಮಗಳು, ಪಡಸಾಲೆಯ ಕಲ್ಲಿನಿಂದ ಕಲ್ಲಿಗೆ ಚಿಗವ್ವ ಶೀಲಾಳ ಕೈ ಹಿಡಿದು ಹಾರುತ್ತ, ಅವ್ವಾ, ನೋಡಬೇ, ಐದೈದಕ್ಕ ಹಾರಿದ್ರ ಕೊನೀ ಅಂಕಿ ಐದು, ಸೊನ್ನಿ, ಐದು, ಸೊನ್ನಿ, ಜಡಿ ಹೆಣದಂಗ ಬರತೈತಿ, ಎರಡರಿಂದ ಹೊಂಟ್ರ ಎರಡು, ಏಳು, ಎರಡು, ಏಳು, ಎಲ್ಲಿಂದ ಹೊಂಟ್ರೂ ಜಡಿ ತಪ್ಪಂಗಿಲ್ಲ, ನಿನಗ ಗೊತ್ತಿತ್ತೇನು — ಗೊತ್ತಿಲ್ಲದೆ ಏನು, ಹೇಳಲು ಬರಲಿಲ್ಲ ಅಷ್ಟೇ, ಆ ಹುಡುಗಿಗೆ ಈಗ ತಲೆ ಬಾಚಲಿಕ್ಕೂ ಚಿಗವ್ವನೇ ಬೇಕು, ಅವ್ವ ಜಗ್ಗಿ ಹೆಣೀತಾಳ, ನೋವಾಗತೈತಿ, ಅಂತೆ, ಟಕ್, ಟಕ್, ಮತ್ತೊಂದು ಸಾಲು ಬೋಳಾಯಿತು.

ಕೆಂಪು ಬಟ್ಟೆ ಕಟ್ಟಿದ್ದು ನಾಲ್ಕನೆಯ ಸಾಲಿಗೆ. ಬಟ್ಟೆ ಕಂಡ ಗಳಿಗೆಯಲ್ಲೇ ಸುಧಾರಾಣಿಗೆ ಗೊತ್ತಾಗಿದೆ, ಬದುವಿಗೆ ಹತ್ತಿದ ಮೊದಲ ಸಾಲು ಬಸವಣ್ಣನದು, ಕಳೆ ತೆಗೆಯಲು ಎಡೆಕುಂಟೆ ಹೊಡೆಯುವಾಗ ತಿರುಗುವ ಎತ್ತು ಬಾಯಿ ಹಾಕಿದರೆ ಹಾಕಲಿ ಎಂದು ಬಿಟ್ಟದ್ದು, ಇದು ಎಣಿಕಿಗೆ ಬರಂಗಿಲ್ಲ ತಂಗಿ, ಎತ್ತಿನ ಪಾಲು, ಎಂದು ಮಾವ ಹೇಳಿದ್ದು ಅವಳು ಮದುವೆಯಾಗಿ ಬಂದ ವರ್ಷ, ಎತ್ತು ಮಾರಿ ಟ್ರ್ಯಾಕ್ಟರ್ ತಂದರೂ ಅವರು ಆ ಸಾಲು ಬಿಡುವುದನ್ನು ಬಿಟ್ಟಿಲ್ಲ, ಆದರೆ ಈ ಮನೆಯಲ್ಲಿ ಎತ್ತನ್ನೇ ನೋಡದ ಶೀಲಾ ಅದನ್ನೇ ಒಂದು ಎಂದು ಹಿಡಿದು ಹಾರಿದ್ದಾಳೆ, ಅವಳ ಐದು ಅಂದರೆ ನಿಜದ ನಾಲ್ಕು, ಬಟ್ಟೆ ಬಿದ್ದದ್ದೆಲ್ಲ ನಾಲ್ಕು, ಒಂಬತ್ತು, ಹದಿನಾಲ್ಕು, ಹತ್ತೊಂಬತ್ತು, ನಾಲ್ಕು ಒಂಬತ್ತು ನಾಲ್ಕು ಒಂಬತ್ತು, ಜಡೆ ಎಲ್ಲಿಯೂ ತಪ್ಪಿಲ್ಲ, ಎಷ್ಟು ಚಂದದ ಜಡೆ, ಹೊಲ ಮುಗಿಯುವವರೆಗೆ ಉಳಿಯುವುದೆಲ್ಲ ಹೆಣ್ಣು, ಗಂಡೆಲ್ಲ ಹೋಗುವುದು.

ಹೇಳಿದರೆ? ಅಯ್ಯ ಅಕ್ಕಾ, ಬಲೇ ನೆನಪು ನಿಮ್ಮದು, ಎಂದು ನಗುತ್ತಾಳೆ, ಬಟ್ಟೆ ಬಿಚ್ಚಿ ಪಕ್ಕದ ಸಾಲಿಗೆ ಕಟ್ಟುತ್ತಾಳೆ, ಪಾಪ ಹೊಸಬಳು, ಆಕೀಗೇನ್ ಗೊತ್ತು, ಎನ್ನುತ್ತಾರೆ ಮಾವ, ರಾತ್ರಿಯಾಗುವಷ್ಟರಲ್ಲಿ ಮನೆಗೆಲ್ಲ ಅವಳೇ ಇನ್ನಷ್ಟು ಬೇಕಾದವಳು. ಹೇಳದಿದ್ದರೆ — ಹೊಲ ಇವಳದೂ ಹೌದು, ರೊಟ್ಟಿ ಇವಳದೂ ಹೌದು, ಗಂಡ ಚನ್ನೇಶ ಬಿತ್ತನೆಯಲ್ಲಿ ಬೆನ್ನು ಹಿಡಿಸಿಕೊಂಡು ಒದ್ದಾಡಿದ್ದು ಇದೇ ಹೊಲಕ್ಕೆ — ಆದರೂ ಕೆಂಪು ಬಟ್ಟೆ ಕಟ್ಟಿದ ಕೈ ಯಾರದೆಂದು ಊರೇ ಕಂಡಿದೆ.

ಉಚ್ಚಂಗೆವ್ವ ಕೆಂಪು ಬಟ್ಟೆ ದಾಟಿ ನಿಜದ ಐದನೆಯ ಸಾಲಿನಲ್ಲಿ ನಿಂತುಬಿಟ್ಟಿದ್ದಾಳೆ, ಪ್ರತಿ ವರ್ಷ ಸೂಲಂಗಿ ಕೀಳಲು ಬರುವ ಮುದುಕಿ, ಮೊದಲ ಗಿಡದ ಸೂಲಂಗಿ ಮುಷ್ಟಿಯಲ್ಲಿ, ಅಲ್ಲಬೇ ಸುಧವ್ವ, ಇದು ಗಂಡಿದ್ದಂಗ ಐತಲ್ಲ, ಕೀಳ್ಲೋ ಬ್ಯಾಡೋ — ಏ ಉಚ್ಚಂಗೆವ್ವ, ಮೊದಲ ನಿನ್ನ ಗಂಡನ್ನ ಗುರ್ತ ಹಿಡಿ, ಸಾಲಿಂದು ಆಮ್ಯಾಲೆ, ಎಂದು ಶೀಲಾ, ಹೆಂಗಸರೆಲ್ಲ ಗೊಳ್ಳೆಂದರು, ಆಮೇಲೆ ಅವಳೇ ನಗು ನಿಲ್ಲಿಸಿ ಬದುವಿನ ಕಡೆ ತಿರುಗಿ, ಖರೇ ಅಂದ್ರ ನನಗೂ ಒಂದ್ಚೂರು ಧೈರ್ಯ ಇಲ್ರಿ ಅಕ್ಕಾ, ನೀವ ಹೇಳ್ರಿ, ನೀವು ಹೂಂ ಅಂದ್ರನ ಮುಂದ.

ಶೀಲಾಳೇ ಕೇಳಿದಳು. ಎರಡು ವರ್ಷದಲ್ಲಿ ಮೊದಲ ಸಲ ಎಲ್ಲರ ಮುಖ ಇವಳ ಕಡೆಗೆ, ಎಷ್ಟು ದಿನದಿಂದ ಬೇಕಾಗಿದ್ದದ್ದು, ಎಷ್ಟು ಸಿಹಿ, ಇನ್ನೊಂದು ಚೂರು ಹೀಗೇ ನಿಲ್ಲಲಿ, ಬಾಯಿ ತೆರೆದರೆ ಮುಗಿದೇ ಹೋಗುತ್ತದೆ, ಒಂದೇ ಮಾತು, ಮೊದಲಿನ ಸಾಲು ಎಣಿಸಬಾರದು, ಅಷ್ಟು ಹೇಳು, ಹೇಳುತ್ತೇನೆ, ಈಗ ಹೇಳುತ್ತೇನೆ — ತಲೆ ಆಡಿತು, ಮೇಲಿಂದ ಕೆಳಕ್ಕೆ, ಹೂಂ ಎಂಬಂತೆ, ಅಥವಾ ಹೂಂ ಎಂದೇ, ಟಕ್ — ಮುದುಕಿಯ ಮುಷ್ಟಿಯಲ್ಲಿ ಸೂಲಂಗಿ, ಮಣಿಕಟ್ಟಿನ ಮೇಲೆ ಹಳದಿ ಪುಡಿ, ಹೋದದ್ದು ಇನ್ನೂ ಒಂದೇ ಗಿಡ, ಒಂದೇ, ಕೈ ಎರಡನೆಯದಕ್ಕೆ ಚಾಚಿದೆ, ಹಳದಿ ಹಿಡಿದ ಕೈ, ಈಗಲೂ ಒಂದು ಮಾತಿಗೆ ನಿಲ್ಲುವ ಕೈ, ಎರಡನೆಯದಕ್ಕೆ, ಆ ಕೈ —