ಮಾರ್ದನಿಗೆ ಕೈಯಿಲ್ಲ

"ಹಳದಿ ಪಟ್ಟಿ ಇರೋದು ಮಾತ್ರ ತಗೋ. ನೀಲಿ ಮುಟ್ಬೇಡ, ಕಪ್ಪಿನ ಕಡೆ ತಿರುಗಿಯೂ ನೋಡ್ಬೇಡ. ಕೇಳಿಸ್ತೇನೋ?"

ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿ ಆಸ್ಪತ್ರೆಗೆ ಹೊರಟಳು. ಅಲ್ಲಿ ಅವಳದು ಎಕ್ಸ್‌ರೇ ತೆಗೆಯುವ ಕೆಲಸ. ಜನರ ಒಳಗನ್ನು ನೋಡಿ ನೋಡಿ ತಮ್ಮನ ಒಳಗೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತಮ್ಮನಿಗೆ ಕೇಳಿಸಿತ್ತು. ಕೇಳಿಸದೆ ಏನು? ಅವನ ಹೊಟ್ಟೆಪಾಡೇ ಕಿವಿ ಮತ್ತು ಗಂಟಲಿನದು. ಸ್ಟುಡಿಯೋದ ಗಾಜಿನ ಗೂಡಿನಲ್ಲಿ ನಿಂತು ಕಂಠದಾನ ಮಾಡುತ್ತಿದ್ದ. ಹೆಸರಿಗೆ ದಾನ, ಆದರೆ ಚೌಕಾಸಿ ಮಾಡಿಯೇ ಕೊಡುವ ದಾನ. ಟೂತ್‌ಪೇಸ್ಟಿಗೆ ನಗುವ ಅಜ್ಜ ಅವನೇ, ಸೋಪಿಗೆ ಹಟ ಮಾಡುವ ಮಗುವೂ ಅವನೇ. ಅವರಿದ್ದ ಕಟ್ಟಡದ ಲಿಫ್ಟಿನಲ್ಲಿ "ಬಾಗಿಲು ತೆರೆಯುತ್ತಿದೆ" ಎಂದು ಗಂಭೀರವಾಗಿ ಹೇಳುತ್ತಿದ್ದದ್ದೂ ಅವನದೇ ಗಂಟಲು. ಅಕ್ಕನ ಮಗಳು ಅವನನ್ನು ಮಾವ ಎಂದು ಕೂಗಿ ಕೂಗಿ, ಈಗ ಕಾವಲುಗಾರನಿಂದ ಹಿಡಿದು ಇಡೀ ಕಟ್ಟಡಕ್ಕೇ ಅವನು ಮಾವ.

ಆ ಮಗಳ ಮುದ್ದಿನ ಹೆಸರು ಚಿಕ್ಕಿ. ಐದು ಇನ್ನೂ ತುಂಬಿರಲಿಲ್ಲ. ಅಕ್ಷರ ಬಾರದಿದ್ದರೂ ಚಿತ್ರಗಳನ್ನು ಕಣ್ಣಲ್ಲೇ ನೆಕ್ಕುವ ಮಗು. ಅವಳಿಗೆ ಈಚೆಗೆ ಹಿಡಿದಿದ್ದ ಹುಚ್ಚು 'ಗಗನಗಾವಲು'. ಅದು ಒಂದು ಕಾಮಿಕ್ಸ್ ಅಲ್ಲ, ಕಾಮಿಕ್ಸುಗಳ ಒಂದು ದೊಡ್ಡ ಕುಟುಂಬ. ಅದರದೇ ಟಿವಿ ಕಾರ್ಯಕ್ರಮ, ಅದರದೇ ನೀರಿನ ಬಾಟಲಿ, ಅದರದೇ ಚಡ್ಡಿ. ಬೆನ್ನಿನ ಮೇಲೆ ಹಳದಿ ಪಟ್ಟಿ ಇದ್ದರೆ ಪುಟ್ಟ ಮಕ್ಕಳಿಗೆ, ನೀಲಿಯಾದರೆ ಶಾಲೆಯ ಮಕ್ಕಳಿಗೆ, ಕಪ್ಪಾದರೆ ಮೀಸೆ ಬಂದವರಿಗೆ. ಆದರೆ ಎಲ್ಲದರ ಮುಖಪುಟದ ಮೇಲೂ ನಗುತ್ತಿದ್ದದ್ದು ಒಂದೇ ಮುಖ: ಬುಗುರಿ ಎಂಬ ದುಂಡನೆಯ ರೋಬೋ.

ಕಾಮಿಕ್ಸ್ ಅಂಗಡಿ ಎರಡು ಕಟ್ಟಡಗಳ ಸಂದಿಯಲ್ಲಿತ್ತು. ಒಳಗೆ ಹೋಗುವವರು ಅಡ್ಡಡ್ಡವಾಗಿಯೇ ಹೋಗಬೇಕು. ಅಂಗಡಿಯವನು ಮೊಬೈಲಿನಿಂದ ತಲೆಯೆತ್ತದೆ, "ಬುಗುರೀನಾ? ಯಾವುದಾದ್ರೂ ತಗೊಳಿ ಸಾರ್, ಎಲ್ಲಾ ಒಂದೇ. ಬುಗುರಿ ತಿರುಗ್ತದೆ, ಮಕ್ಕಳ ತಲೆ ತಿರುಗ್ತದೆ" ಎಂದ.

ಮಾವ ಹಳದಿ ಪಟ್ಟಿಯದನ್ನು ಬಿಡಿಸಿದ. ದಪ್ಪ ಹಾಳೆ, ದೊಡ್ಡ ಚಿತ್ರ, ಕೊನೆಯ ಪುಟದಲ್ಲಿ ಬುಗುರಿಯ ಸ್ಟಿಕ್ಕರುಗಳು. ಆದರೆ ಮಾತು? ಮೊದಲಿಂದ ಕೊನೆಯವರೆಗೆ ಬುಗುರಿ ಹೇಳುವುದು "ಬುರ್ರ್" ಒಂದೇ. ನೂರು ಗಂಟಲಿನ ಮನುಷ್ಯನಿಗೆ ಬರೀ ಬುರ್ರ್! ಆನೆಗೆ ಅರ್ಧ ಚಮಚ ನೀರು ಕೊಟ್ಟ ಹಾಗಾಯಿತು.

ಕೈ ತಾನಾಗಿಯೇ ಮೇಲಿನ ಅಟ್ಟಕ್ಕೆ ಹೋಯಿತು. ಕಪ್ಪು ಪಟ್ಟಿ. ಕತೆಯ ಹೆಸರು 'ಮಾರ್ದನಿ'. ಗಗನನೌಕೆಯೊಳಗೆ ಏನೋ ಒಂದು ನುಸುಳಿದೆ. ಅದಕ್ಕೆ ಮೈಯಿಲ್ಲ, ಕೈಯಿಲ್ಲ, ಬರೀ ಧ್ವನಿ. ಮೊದಲು ದೀಪ ಆರಿಸುತ್ತದೆ. ಆಮೇಲೆ ಯಾರನ್ನು ನುಂಗಿತೋ ಅವರದೇ ಧ್ವನಿಯಲ್ಲಿ ಮುಂದಿನವರ ಬಾಗಿಲಿಗೆ ಬಂದು ಕರೆಯುತ್ತದೆ. ತೆರೆದವರು ಮುಂದಿನ ಪುಟದಲ್ಲಿ ಇರುವುದಿಲ್ಲ. ಬುಗುರಿಯೊಂದೇ ಉಳಿಯುತ್ತದೆ, ಬಾಗಿಲು ತೆರೆಯದ್ದರಿಂದ.

ಮಾವನ ಗಂಟಲಲ್ಲಿ ತುರಿಕೆ ಶುರುವಾಯಿತು. ಮಿಮಿಕ್ರಿ ಮಾಡುವವನಿಗೆಂದೇ ಯಾರೋ ಬರೆದಿಟ್ಟ ಹಾಗಿತ್ತು. ಮಗುವಿಗೆ ಹೆದರಿಕೆಯಾದೀತು ಎಂಬ ಯೋಚನೆ ಬರದೆ ಇರಲಿಲ್ಲ. ಬಂತು, ಅಡ್ಡಡ್ಡವಾಗಿಯೇ ಬಂದು ಅಡ್ಡಡ್ಡವಾಗಿಯೇ ಹೋಯಿತು. ಹಳದಿಯ ಹೊಟ್ಟೆಯೊಳಗೆ ಕಪ್ಪನ್ನು ಸೇರಿಸಿ ಮನೆಗೆ ತಂದ.

ಆ ಮಧ್ಯಾಹ್ನ ಸೋಫಾದ ಮೇಲೆ ಪ್ರದರ್ಶನ ನಡೆಯಿತು. ಪುಸ್ತಕದಲ್ಲಿ ನೌಕೆಯ ಕ್ಯಾಪ್ಟನ್, ಡಾಕ್ಟರು, ಅಡುಗೆಯವನು ಇದ್ದರು. ಅವರೆಲ್ಲ ಚಿಕ್ಕಿಗೆ ಯಾರು? ಅದಕ್ಕೆ ಮಾವ ಅವರ ಜಾಗದಲ್ಲಿ ಅವಳಿಗೆ ಗೊತ್ತಿದ್ದವರನ್ನು ಕೂರಿಸಿದ. ಎದುರುಮನೆಯ ತಾತ, ನಿವೃತ್ತ ಗಣಿತದ ಮೇಷ್ಟ್ರು, ಬಾಗಿಲ ಬಳಿ ಬಂದರು: "ಮರೀ, ಚಿಲಕ ತೆಗೆದರೆ ಬಾಗಿಲು ತೆರೀತದೆ. ಅರ್ಥ ಆಯ್ತೋ ಇಲ್ವೋ?" ಕಾವಲುಗಾರ ಕೆಮ್ಮುತ್ತ ಬಂದ. ಶಾಲೆಯ ಮಿಸ್ ಮೂಗಿನಲ್ಲಿ ರಾಗ ಎಳೆದಳು. ಕಡೆಗೆ ಮಾವ ಮುಖ ಪಕ್ಕಕ್ಕೆ ತಿರುಗಿಸಿ, ತುಟಿ ಅಲುಗದ ಹಾಗೆ, ಅಕ್ಕನ ಧ್ವನಿ ತೆಗೆದ:

"ಚಿಕ್ಕೀ... ಬಾಗಿಲು ತೆಗಿ ಕಂದ. ಅಮ್ಮ ಬಂದಿದೀನಿ."

ಚಿಕ್ಕಿ ಉಸಿರು ಬಿಗಿಹಿಡಿದಳು. ಕಣ್ಣು ರೆಪ್ಪೆ ಬಡಿಯಲಿಲ್ಲ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಚಪ್ಪಾಳೆ ಬೇಕೆ? ಮಾವ ಉಬ್ಬಿಹೋದ.

"ಅದು ಅಮ್ಮ ಅಲ್ಲ ಅಲ್ವಾ?" ಕೇಳಿದಳು.

"ಅಲ್ಲ, ಮಾರ್ದನಿ."

"ಅಮ್ಮ ಎಲ್ಲಿ ಹಂಗಾದ್ರೆ?"

"ಮುಂದಿನ ಪುಟ ನೋಡೋಣ" ಎಂದು ಮಾವ ಪುಟ ತಿರುವಿದ. ಆ ಪುಟದಲ್ಲಿ ಯಾರೂ ಇರಲಿಲ್ಲ.

"ಇನ್ನೊಂದ್ಸಲ" ಎಂದಳು. ಮರುದಿನವೂ ಅದನ್ನೇ, ಅದರ ಮರುದಿನವೂ. ಮಾವ ಒಂದೊಂದು ಸಲಕ್ಕೂ ಒಂದೊಂದು ಹೊಸ ಧ್ವನಿ ಸೇರಿಸಿದ. ತನ್ನ ಧ್ವನಿಯನ್ನೂ ಬಿಡಲಿಲ್ಲ.

ಮನೆಯಲ್ಲಿ ಏನೋ ಬದಲಾಯಿತು. ಅಡುಗೆಮನೆಯಿಂದ ಅಮ್ಮ ಕರೆದರೆ ಚಿಕ್ಕಿ ಈಗ "ಆಂ" ಎನ್ನುತ್ತಿರಲಿಲ್ಲ. ಸದ್ದಿಲ್ಲದೆ ಬಂದು, ಬಾಗಿಲ ಸಂದಿಯಿಂದ ಅಮ್ಮನ ಬಾಯಿ ನೋಡಿ, ಸದ್ದಿಲ್ಲದೆ ಹೋಗುತ್ತಿದ್ದಳು. ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ" ಎಂದೊಡನೆ ಧ್ವನಿ ಬರುವ ಮೇಲಿನ ತೂತುತೂತಿನ ತಗಡನ್ನು ನೋಡುವಳು, ಆಮೇಲೆ ಪಕ್ಕದಲ್ಲಿದ್ದ ಮಾವನನ್ನು. ಆಟಕ್ಕೆಂದು ಮಲಗುವ ಕೋಣೆಯ ಬಾಗಿಲಿನ ಕೆಳಗಿನ ಚಿಲಕ ಹಾಕುವುದನ್ನೂ ಕಲಿತಳು.

"ಏನೋ ಇದು, ನಮ್ಮನೇಲಿ ಒಬ್ಬಳು ಪತ್ತೇದಾರಿ ಹುಟ್ಕೊಂಡಿದಾಳೆ!" ಅಕ್ಕ ನಕ್ಕಳು. "ನಾನು ಮಾತಾಡಿದ್ರೆ ನನ್ನ ಹಲ್ಲು ಎಣಿಸ್ತಾಳೆ. ಏನು ಓದಿಸ್ತಿದೀಯ?"

"ಹಳದಿ ಪಟ್ಟಿ" ಎಂದ ಮಾವ. ಅದು ಸುಳ್ಳಲ್ಲ, ಹೊರಗಿನ ಪುಸ್ತಕ ಹಳದಿಯೇ.

ಆ ಶನಿವಾರ ಅಕ್ಕನಿಗೆ ಬೆಳಗಿನ ಪಾಳಿ. ಚಿಕ್ಕಿ ಎದ್ದವಳೇ ಹಳದಿ ಪುಸ್ತಕದಿಂದ ಒಂದು ಬುಗುರಿ ಸ್ಟಿಕ್ಕರ್ ಕಿತ್ತು ಮಾವನ ಹೆಬ್ಬೆರಳಿನ ಉಗುರಿಗೆ ಅಂಟಿಸಿದಳು. "ಇದು ನೀನೇ ಅಂತ ಗೊತ್ತಾಗಕ್ಕೆ" ಎಂದಳು. ಮಾವ ನಕ್ಕು ಬುರ್ರ್ ಎಂದ. ಸ್ಟುಡಿಯೋದಲ್ಲಿ ಯಾರೋ ದೊಡ್ಡವರು ಬರುವವರಿದ್ದರು. ಕೋಣೆಯ ಮಂಚದ ಮೇಲೆ ಚಾದರ ಹಾಸಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಫೋನ್ ಬಂತು. ಒಳಗೆ ಸಿಗ್ನಲ್ ಸರಿಯಾಗಿ ಸಿಗದು, ಹಜಾರದ ಕಿಟಕಿಗೇ ಹೋಗಬೇಕು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆನೆಂದೇ ಅಂದುಕೊಂಡ. ನಿಲ್ಲಿಸಿರಲಿಲ್ಲ.

ಫೋನಿನಲ್ಲಿ ಮೂವರ ಧ್ವನಿ ತೆಗೆದು ನಾಲ್ವರನ್ನು ನಗಿಸುತ್ತಿದ್ದಾಗ ಹಿಂದೆ ಚಿಲಕ ಬಿದ್ದ ಸದ್ದು ಕೇಳಿಸಿತು. ಆಟ, ಅಂದುಕೊಂಡ. ಆಮೇಲೆ ಮೂಗಿಗೆ ಸೀದ ಬಟ್ಟೆಯ ವಾಸನೆ ಬಡಿಯಿತು.

"ಚಿಕ್ಕೀ! ಬಾಗಿಲು ತೆಗಿ!"

ಒಳಗಿಂದ, ಬಾಗಿಲಿಗೆ ತೀರ ಹತ್ತಿರದಿಂದ, ಪುಸ್ತಕದ ರೋಬೋಗೆ ಹೇಳುವ ಪಿಸುಮಾತು: "ಬುಗುರಿ, ಸುಮ್ನಿರು. ಅದು ಬಂದಿದೆ."

"ಚಿಕ್ಕಿ, ನಾನು ಕಣೇ, ಮಾವ! ಇಸ್ತ್ರಿಪೆಟ್ಟಿಗೆ ಸುಡ್ತಿದೆ ಪುಟ್ಟೀ, ಬೇಗ ತೆಗಿ!"

"ಮಾವನ ಥರಾನೇ ಮಾತಾಡ್ತಿದೆ" ಎಂದಿತು ಪಿಸುಮಾತು.

ಮಾವ ಬಾಗಿಲು ಗುದ್ದಿದ. ಗುದ್ದಿದಷ್ಟೂ ಒಳಗಿನ ಉಸಿರು ಬಿಗಿಯಾಯಿತು. ಕಿಟಕಿಯ ಕಡೆಯಿಂದ ಹೋಗೋಣವೆಂದರೆ ಮನೆ ಮೂರನೇ ಮಹಡಿಯಲ್ಲಿ, ಕಿಟಕಿಗೆ ಕಬ್ಬಿಣದ ಸರಳು. ಹೊಳೆದದ್ದು ಕರೆಂಟು. ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದ. ಇಸ್ತ್ರಿಪೆಟ್ಟಿಗೆ ಆರಿತು. ಅದರ ಜೊತೆ ಫ್ಯಾನು ನಿಂತಿತು, ಪರದೆ ಎಳೆದಿದ್ದ ಆ ಕೋಣೆಯ ದೀಪವೂ ಆರಿತು.

ಮೊದಲು ದೀಪ ಆರಿಸುತ್ತದೆ.

ಒಳಗಿಂದ ಚೀತ್ಕಾರ ಬಂತು. ಅದು ಒಮ್ಮೆಲೇ ನಿಂತಿತು. ಯಾರೋ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ ಹಾಗೆ.

ಬಾಗಿಲ ಕೆಳಗಿನ ಸಂದಿಯಿಂದ ಹೊಗೆಯ ಎಳೆಯೊಂದು ಹೊರಗೆ ಬಂತು. ಹತ್ತಿಯ ಹಾಸಿಗೆ, ಕರೆಂಟು ಹೋದರೂ ಆರದೆ ಒಳಗೊಳಗೇ ಬೇಯುತ್ತದೆ.

ಗದ್ದಲಕ್ಕೆ ಎದುರುಮನೆಯ ತಾತ ಬನಿಯನ್ನಿನಲ್ಲೇ ಓಡಿಬಂದರು. "ಮರೀ, ಚಿಲಕ ತೆಗಿ! ನಾನು ತಾತ! ಅರ್ಥ ಆಯ್ತೋ ಇಲ್ವೋ?"

"ತಾತನ್ನೂ ತಿಂದ್ಬಿಟ್ಟಿದೆ" ಎಂದು ಒಳಗೆ ಅಳು ಕೇಳಿಸಿತು.

ತಾತ ಮಾವನ ಮುಖ ನೋಡಿದರು. "ಏನೋ ಹೇಳ್ತಿದಾಳೆ ಇವಳು? ಯಾರು ತಿಂದಿದ್ದು ನನ್ನ?"

ಮಾವ ಅಕ್ಕನಿಗೆ ಫೋನ್ ಹಚ್ಚಿ, ಒಂದೇ ಉಸಿರಿಗೆ ವಿಷಯ ಹೇಳಿ, ಫೋನನ್ನು ಬಾಗಿಲಿಗೆ ಒತ್ತಿ ಹಿಡಿದ. ನಿಜವಾದ ಅಕ್ಕನ ನಿಜವಾದ ಧ್ವನಿ ನಡುಗುತ್ತ ಬಂತು: "ಚಿಕ್ಕೀ, ಅಮ್ಮ ಕಣೇ, ಬಾಗಿಲು ತೆಗಿ ಕಂದ..."

ಕಾಮಿಕ್ಸಿನ ಸಾಲೇ. ತಾನೇ ಅಷ್ಟು ಮಧ್ಯಾಹ್ನ ಅಭ್ಯಾಸ ಮಾಡಿಸಿದ ಸಾಲು. ಒಳಗಿನಿಂದ ಈಗ ಮಾತೂ ಬರಲಿಲ್ಲ, ಅಳುವೂ ಬರಲಿಲ್ಲ. ಕೆಮ್ಮು ಮಾತ್ರ ಬಂತು.

"ಸರೀ ಅತ್ಲಾಗೆ, ಗುದ್ದಿ ಮುರೀತೀನಿ" ಎಂದು ತಾತ ಹೆಗಲು ಸಜ್ಜು ಮಾಡಿದರು. ಮಾವ ಬಗ್ಗಿ ಸಂದಿಯಲ್ಲಿ ನೋಡಿದ. ಗುಲಾಬಿ ಬಣ್ಣದ ಫ್ರಾಕಿನ ಅಂಚು, ಅದರ ಪಕ್ಕ ಒಂದು ಪುಟ್ಟ ಹಿಮ್ಮಡಿ. ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದಾಳೆ. ಮುರಿದರೆ ಬಾಗಿಲು ಬೀಳುವುದು ಅವಳ ಮೇಲೆಯೇ.

"ಬೇಡ!" ಎಂದು ಕಿರುಚಿದ. ಕಿರುಚಿದ್ದೂ ಧ್ವನಿಯೇ. ಒಳಗಿನ ಹಿಮ್ಮಡಿ ಬೆಚ್ಚಿಬಿತ್ತು.

ಇನ್ನು ಯಾರ ಧ್ವನಿ ಉಳಿದಿದೆ? ಕಾವಲುಗಾರನದು ಖರ್ಚಾಗಿದೆ. ಮಿಸ್‌ದು ಖರ್ಚಾಗಿದೆ. ಅಮ್ಮನದು, ತನ್ನದು, ಎಲ್ಲ ಖರ್ಚು. ಅವಳ ಲೋಕದಲ್ಲಿ ಬಾಗಿಲಾಚೆ ಮಾತಾಡುವುದೆಲ್ಲ ಮಾರ್ದನಿಯೇ. ಅದು ಎಷ್ಟು ಚೆನ್ನಾಗಿ ಮಾತಾಡಿದರೆ ಅಷ್ಟು ಸುಳ್ಳು. ಮಾವನಿಗೆ ಆ ಕಪ್ಪು ಪುಸ್ತಕದ ಮೊದಲ ಪುಟ ಕಣ್ಣ ಮುಂದೆ ಬಂತು. ಮೈಯಿಲ್ಲ. ಕೈಯಿಲ್ಲ.

ಫೋನ್ ಆರಿಸಿದ. ತಾತನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಬಾಯಿ ಮುಚ್ಚಿದ. ನೆಲದ ಮೇಲೆ ಬೋರಲು ಮಲಗಿ, ಹೊಗೆ ಬರುತ್ತಿದ್ದ ಆ ಸಂದಿಯೊಳಗೆ ಬೆರಳು ತೂರಿಸಿದ. ಗೆಣ್ಣುಗಳ ಚರ್ಮ ಸುಲಿಯಿತು. ಹೆಬ್ಬೆರಳನ್ನು ಹೊರಳಿಸಿ, ಉಗುರು ಮೇಲೆ ಮಾಡಿ ಹಿಡಿದ.

ಏನೂ ಆಗಲಿಲ್ಲ. ಕೆಮ್ಮು. ಮತ್ತೆ ಕೆಮ್ಮು. "ಚಿಕ್ಕಿ" ಎನ್ನಲು ಗಂಟಲು ಒದ್ದಾಡಿತು. ಹಲ್ಲು ಕಚ್ಚಿದ.

ಆಮೇಲೆ ಏನೋ ಬೆಚ್ಚನೆಯದು ಉಗುರನ್ನು ಮುಟ್ಟಿತು. ಸ್ಟಿಕ್ಕರಿನ ಅಂಚನ್ನು ಕೆರೆಯಿತು. ಬೆರಳನ್ನು ಹಿಡಿದು ಎಳೆದು ನೋಡಿತು. ಹಿಂದೆ ಕೈಯಿದೆಯೇ, ಕೈಯ ಹಿಂದೆ ಮೈಯಿದೆಯೇ ಎಂದು.

ಚಿಲಕ ಸರಿಯಿತು.

ಹೊಗೆಯೊಳಗಿಂದ ಮಾವ ಅವಳನ್ನು ಎತ್ತಿಕೊಂಡು ಹಜಾರಕ್ಕೆ ಬಂದ. ತಾತ ಕೊಡ ಕೊಡ ನೀರು ತಂದು ಹಾಸಿಗೆಯ ಮೇಲೆ ಸುರಿದರು. ಹಾಸಿಗೆಯ ನಡುವೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಪ್ಪು ಗುಂಡಿ ಬಿದ್ದಿತ್ತು, ಅದರ ಪಕ್ಕದಲ್ಲೇ ತೆರೆದಿಟ್ಟ ಪುಸ್ತಕವಿತ್ತು. ತಾತ ಅದನ್ನು ಎತ್ತಿದರು. ಹಳದಿಯ ಹೊಟ್ಟೆಯಿಂದ ಕಪ್ಪು ಜಾರಿ ಬಿತ್ತು. ಎರಡು ಪುಟ ನೋಡಿದರು, ಮಾವನನ್ನು ನೋಡಿದರು. ಯಾವತ್ತೂ ಕೇಳುವ "ಅರ್ಥ ಆಯ್ತೋ ಇಲ್ವೋ" ಕೇಳದೆ ಬಾಗಿಲೆಳೆದುಕೊಂಡು ತಮ್ಮ ಮನೆಗೆ ಹೋದರು.

ಚಿಕ್ಕಿ ಮಾವನ ತೊಡೆಯ ಮೇಲೆ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಮಾವ ಅವಳ ಮುಖದ ಮಸಿ ಒರೆಸಿದ. ಏನಾದರೂ ಹೇಳಬೇಕು, ತಪ್ಪು ನನ್ನದು ಎನ್ನಬೇಕು, ಅದು ಬರೀ ಆಟ ಎನ್ನಬೇಕು. ಯಾವ ಧ್ವನಿಯಲ್ಲಿ? ಬಾಯಿ ತೆರೆದ. ಅವಳ ಕಣ್ಣು ತಕ್ಷಣ ಅವನ ತುಟಿಗೆ ಹೋಯಿತು. ಬಾಯಿ ಮುಚ್ಚಿದ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಏದುಸಿರಿನೊಂದಿಗೆ ಹತ್ತಿ ಬಂತು. ಲಿಫ್ಟಿಗೆ ಕಾಯುವ ತಾಳ್ಮೆ ಇಲ್ಲದ ಸದ್ದು. ಕರೆಂಟಿಲ್ಲದೆ ಕರೆಗಂಟೆ ಮೊಳಗಲಿಲ್ಲ. ಬಾಗಿಲು ದಡಬಡಿಸಿತು.

"ಚಿಕ್ಕೀ! ಬಾಗಿಲು ತೆಗಿ ಕಂದ! ಅಮ್ಮ ಬಂದಿದೀನಿ!"

ಚಿಕ್ಕಿಯ ಪುಟ್ಟ ಅಂಗೈ ಮಾವನ ಬಾಯಿ ಮುಚ್ಚಿತು. "ಶ್..." ಎಂದಳು ಕಿವಿಯಲ್ಲಿ. "ಮಾತಾಡ್ಬೇಡ ಮಾವ. ಅಮ್ಮ ಅದಕ್ಕೆ ಸಿಕ್ಕಾಕ್ಕೊಂಡ್ಬಿಟ್ಟಳು."

ಅವಳು ಅಳಲಿಲ್ಲ. ಮಾವ ಅವಳನ್ನು ಕೆಳಗಿಳಿಸಿ, ಹಿಡಿದ ಬೆರಳನ್ನು ಬಿಡಿಸಿಕೊಳ್ಳದೆ ಬಾಗಿಲವರೆಗೆ ನಡೆದು ತೆರೆದ. ಅಕ್ಕ ಬಿರುಗಾಳಿಯ ಹಾಗೆ ನುಗ್ಗಿದಳು. "ಅಯ್ಯೋ ನನ್ನ ಬಂಗಾರ, ಏನಾಯ್ತೇ, ಎಲ್ಲಿ ಸುಟ್ಟಿತು, ಬಾರೇ..." ಚಿಕ್ಕಿ ಮಾವನ ಕಾಲ ಹಿಂದೆ ಸರಿದಳು. ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು. ಅದು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡಿದಷ್ಟೂ ಹಿಂದೆ ಹಿಂದೆ ಸರಿದಳು.

ಮಾವ ಅಕ್ಕನ ಮುಂದೆ ತುಟಿಗೆ ಬೆರಳಿಟ್ಟು ತೋರಿಸಿದ. ಆಮೇಲೆ ತನ್ನ ಕೈಯನ್ನು ಮುಂದೆ ಚಾಚಿ, ಹೀಗೆ ಮಾಡು ಎಂದು ಸನ್ನೆ ಮಾಡಿದ. ಅಕ್ಕನಿಗೆ ಏನೂ ತಿಳಿಯಲಿಲ್ಲ. ಆದರೂ ತಮ್ಮ ಮೂಕನಾಗಿ ನಿಂತಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ಅದಕ್ಕೇ ಹೆದರಿ ಮಾತು ನಿಲ್ಲಿಸಿದಳು. ಮೊಣಕಾಲೂರಿ ಬೆರಳುಗಳನ್ನು ಚಾಚಿದಳು.

ಚಿಕ್ಕಿ ಒಂದೊಂದೇ ಹೆಜ್ಜೆ ಮುಂದೆ ಬಂದಳು. ಬೆರಳು ಮುಟ್ಟಿದಳು. ಮೂಸಿದಳು, ಆಸ್ಪತ್ರೆಯ ಸೋಪಿನ ವಾಸನೆ. ಉಗುರು, ಗೆಣ್ಣು, ಉಂಗುರ, ಮಣಿಕಟ್ಟು, ಹೀಗೆ ಹಿಡಿಯುತ್ತ ಹಿಡಿಯುತ್ತ ಹೆಗಲವರೆಗೂ ಬಂದು, ಕಡೆಗೆ ಕತ್ತಿನಲ್ಲಿ ಮುಖವಿಟ್ಟಳು. ಆಗ ಅತ್ತಳು. ಅಕ್ಕ ಶಬ್ದವಿಲ್ಲದೆ ಬೆನ್ನು ಸವರಿದಳು.

ಮಾವ ಗೋಡೆಗೆ ಒರಗಿದ. ಮುಗಿಯಿತು, ಎಂದುಕೊಂಡ. ನಾಳೆ ಕಪ್ಪನ್ನು ಚೂರುಚೂರು ಮಾಡಿ ಎಸೆಯುವುದು. ಇನ್ನು ಮನೆಯಲ್ಲಿ ಬುರ್ರ್ ಒಂದೇ.

ತೆರೆದೇ ಇದ್ದ ಬಾಗಿಲಾಚೆ, ಓಣಿಯ ಕೊನೆಯಲ್ಲಿ, ಯಾರೋ ಕರೆದ ಲಿಫ್ಟು ಬಂದು ನಿಂತಿತು.

"ಬಾಗಿಲು ತೆರೆಯುತ್ತಿದೆ" ಎಂದಿತು ಅವನ ಧ್ವನಿ.

ಚಿಕ್ಕಿ ಅಮ್ಮನ ಹೆಗಲ ಮೇಲಿಂದ ಮೆಲ್ಲಗೆ ತಲೆಯೆತ್ತಿ ಅವನನ್ನು ನೋಡಿದಳು. ಅವನ ಬಾಯಿ ಮುಚ್ಚಿತ್ತು.