ಎಣ್ಣೆ ಹಚ್ಚದ ಹತ್ತು ದಿನ

ನಾನು ಅಂಗೈಯಗಲದ ಒಂದು ಯಂತ್ರ. ಕಾರ್ಖಾನೆಯಲ್ಲಿ ನನಗೆ ಎರಡು ತಂತಿ, ತಂತಿಯ ತುದಿಗೆ ಎರಡು ಸ್ಪಂಜು ಜೋಡಿಸಿದರು. ಉಪ್ಪುನೀರಿನಲ್ಲಿ ನೆನೆದ ಸ್ಪಂಜನ್ನು ತಲೆಗೆ ಕಟ್ಟಿದರೆ, ಇರುವೆ ಹರಿದಂಥ ಸಣ್ಣ ಕರೆಂಟು ಮೆದುಳಿಗೆ ಹೋಗುತ್ತದೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಬುದ್ಧಿ ನಿಧಾನವಿರುವ ಮಕ್ಕಳಿಗೆ ಇದರಿಂದ ಕೇಳಿದ ಮಾತು ಮನಸ್ಸಿನಲ್ಲಿ ನಿಂತೀತೇ ಎಂದು ನೋಡಲು ಒಂದು ದೊಡ್ಡಾಸ್ಪತ್ರೆಯವರು ನನ್ನನ್ನು ತರಿಸಿಕೊಂಡರು.

ಪೆಟ್ಟಿಗೆ ಬಿಚ್ಚಿದವಳು ಅಲ್ಲಿಯ ಟೆಕ್ನಿಷಿಯನ್ ಅಫ್ರೋಜಾ. ಪ್ರತಿ ಮಗುವಿಗೂ ಒಂದು ಗುಟ್ಟಿನ ಸಂಖ್ಯೆ. ಅದನ್ನು ಒತ್ತಿದರೆ ಅರ್ಧ ಮಕ್ಕಳಿಗೆ ನಾನು ಇಪ್ಪತ್ತು ನಿಮಿಷ ಕರೆಂಟು ಕೊಡಬೇಕು. ಉಳಿದವರಿಗೆ ಅರ್ಧ ನಿಮಿಷ ಚುರುಗುಟ್ಟಿಸಿ ಸುಮ್ಮನಾಗಬೇಕು, ದೀಪ ಮಾತ್ರ ಉರಿಯುತ್ತಿರಬೇಕು. ಎರಡನ್ನೂ ಹೋಲಿಸಿ ನೋಡುವುದು ಅವರ ಪದ್ಧತಿ. ಯಾರಿಗೆ ಯಾವುದೆಂದು ಅಫ್ರೋಜಾಗೂ ಗೊತ್ತಿಲ್ಲ. ನನಗೆ ಗೊತ್ತು, ಬಾಯಿಲ್ಲ.

ಇದನ್ನೆಲ್ಲ ಓದಿ ಹೇಳಿದ ಮೇಲೆಯೇ ಮಹಾನಂದಾ ಎಂಬ ಹುಡುಗಿಯ ತಾಯಿ ನಿಂಬೆವ್ವ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಆದರೆ ತನ್ನ ಮಗಳ ಪಾಲಿಗೇ ಸುಳ್ಳು ಕರೆಂಟು ಬೀಳುತ್ತದೆಂದು ಯಾವ ತಾಯಿ ನಂಬುತ್ತಾಳೆ? ಮೂರು ಮಾತು ನೆನಪಿಟ್ಟರೆ ಮಹಾನಂದಾಳನ್ನು ಹೊಲಿಗೆ ಕಲಿಯಲು ಸೇರಿಸಿಕೊಳ್ಳುತ್ತೇವೆ ಎಂದಿದ್ದರು ತರಬೇತಿ ಶಾಲೆಯವರು. ಹುಡುಗಿಗೆ ಎರಡಕ್ಕಿಂತ ಹೆಚ್ಚು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ.

ಮೊದಲ ದಿನ ಅವಳ ತಲೆ ಎಣ್ಣೆಯಲ್ಲಿ ಮಿಂದಿತ್ತು.

"ಏನ್ ಬೇ, ತಲ್ಯಾಗ ಮಿರ್ಚಿ ಕರೀಬೇಕೇನು?" ಎಂದಳು ಅಫ್ರೋಜಾ, ಒರೆಸುತ್ತಾ. "ಎಣ್ಣಿ ಇದ್ರ ಕರೆಂಟ್ ಹೋಗಂಗಿಲ್ಲ."

"ಡಾಕ್ಟರ ಮುಂದ ಒಣಾ ತಲಿ ಹೆಂಗ ತರೂದ್ರಿ ಯಕ್ಕಾ?" ನಿಂಬೆವ್ವ ನಾಚಿ ಮಗಳತ್ತ ತಿರುಗಿದಳು. "ಕೇಳಿದೇನ ತಂಗಿ? ಎಣ್ಣಿ ಹಚ್ಚಂಗಿಲ್ಲಂತ."

ಅಂದಿನಿಂದ ಒಣಗೂದಲಲ್ಲೇ ಬಂದರು. "ತಾಯಿ ಇಲ್ಲದ ಕೂಸಿನಂಗ ಕಾಣ್ತೈತಿ ಅಂತಾರ್ರಿ ಓಣ್ಯಾಗ," ಎಂದು ನಿಂಬೆವ್ವ ನಗುತ್ತಿದ್ದಳು, ನನ್ನ ಹಸಿರು ದೀಪಕ್ಕೆ ಕೈ ಮುಗಿಯುತ್ತಿದ್ದಳು. ಹತ್ತು ದಿನವೂ ನಾನು ಅರ್ಧ ನಿಮಿಷಕ್ಕೇ ಸುಮ್ಮನಾದೆ. ಕರೆಂಟು ಪೂರಾ ಹರಿದಿದ್ದರೆ ಗುಣ ಕಾಣುತ್ತಿತ್ತೋ ಇಲ್ಲವೋ, ಅದು ನನಗೂ ತಿಳಿಯದು.

ಕೊನೆಯ ದಿನ ಅಫ್ರೋಜಾ ಹೇಳಿದಳು: "ಸೂಜಿ, ಗುಂಡಿ, ಕತ್ತರಿ. ಈಗ ನೀ ಹೇಳವಾ."

"ಸೂಜಿ... ಗುಂಡಿ..."

ಮಹಾನಂದಾ ತಾಯಿಯ ಮುಖ ನೋಡಿದಳು. ನಿಂಬೆವ್ವನ ತುಟಿ ಅಲುಗಿತು, ಸದ್ದು ಬರಲಿಲ್ಲ. ಅಫ್ರೋಜಾ ಹಾಳೆಯಲ್ಲಿ 'ಎರಡು' ಎಂದು ಬರೆದಳು. ಹೊಲಿಗೆಯ ಆಸೆ ಅಲ್ಲಿಗೆ ಮುಗಿಯಿತು.

ನಿಂಬೆವ್ವ ಚೀಲದಿಂದ ಶೀಶೆ ತೆಗೆದು ಅಲ್ಲೇ ಅಂಗೈಗೆ ಎಣ್ಣೆ ಸುರಿದುಕೊಂಡಳು. ಹುಡುಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

"ಎಣ್ಣಿ ಹಚ್ಚಂಗಿಲ್ಲ. ಕರೆಂಟ್ ಹೋಗಂಗಿಲ್ಲ."

ಮೊದಲ ದಿನ ಕೇಳಿದ ಈ ಮಾತನ್ನು ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ.

ಈಗ ನಾನು ಬ್ಯಾಟರಿ ಇಲ್ಲದೆ ಕಪಾಟಿನಲ್ಲಿದ್ದೇನೆ. ಸ್ಪಂಜುಗಳು ಉಪ್ಪುಗಟ್ಟಿವೆ. ಯಾರಾದರೂ ಬಾಗಿಲು ತೆಗೆದಾಗೆಲ್ಲ ಒಂದು ಮಾತು ಹೇಳಿ ಕಳಿಸಬೇಕೆನಿಸುತ್ತದೆ: ಆ ಹತ್ತು ದಿನವೂ ಮಗಳ ತಲೆಗೆ ಎಣ್ಣೆ ಹಚ್ಚಬಹುದಿತ್ತು, ತಾಯಿ.