ಒಳಗಿನಿಂದ ಒಡೆದ ಗಾಜು

ಮಂಗಲ ರೊಟ್ಟಿ ಬಡಿಯುತ್ತಿದ್ದಳು. ಅಡುಗೆಮನೆಯ ಕಿಟಕಿಯಿಂದ ಅಂಗಳದಲ್ಲಿ ನಿಂತ ಫಿಯಾಟ್ ಕಾರು ಕಾಣುತ್ತಿತ್ತು. ಅದರ ಮುಂದಿನ ಗಾಜು ಇರಲಿಲ್ಲ. ರಬ್ಬರಿನ ಅಂಚಿಗೆ ಅಲ್ಲಲ್ಲಿ ಕಲ್ಲುಸಕ್ಕರೆಯಂಥ ಚೂರುಗಳು ಅಂಟಿಕೊಂಡಿದ್ದವು. ಹಾಲು ಹಾಕಲು ಬಂದ ಮುದುಕಿ ಕಾರಿನೊಳಗೆ ಇಣುಕಿ ನೋಡಿ, "ಯವ್ವಾ, ಇದೇನಾತು?" ಎಂದಳು.

"ಕುರಿ ಕಾಯಾವ ಕಲ್ಲ ಒಗದಾನ," ಎಂದು ಪಡಸಾಲೆಯಿಂದ ಪಾರಿಸನೇ ಉತ್ತರ ಕೊಟ್ಟ. "ಹಾರ್ನ್ ಹೊಡದ್ನಿ ಅಂತ ಸಿಟ್ಟ ಬಂತ ಮಗಗ."

ಮಂಗಲ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನಿನ್ನೆ ಸಂಜೆಯಿಂದ ಕೇಳಿದವರಿಗೆಲ್ಲ ಅವನು ಇದೇ ಮಾತು ಹೇಳುತ್ತಿದ್ದ. ಪ್ರತಿ ಸಲ ಹೇಳುವಾಗಲೂ ಆ ಕಲ್ಲು ಸ್ವಲ್ಪ ದೊಡ್ಡದಾಗುತ್ತಿತ್ತು.

ಪಾರಿಸನದು ಅಥಣಿ ಪೇಟೆಯಲ್ಲಿ ಗೊಬ್ಬರದ ಅಂಗಡಿ. ಗಿರಾಕಿಗಳೊಡನೆ ಅವನ ಮಾತು ಬಲು ನಯ. ಬಸದಿಗೆ ತಪ್ಪದೆ ಹೋಗುವವನು, ಕಷ್ಟ ಎಂದವರಿಗೆ ಕೈಲಾದದ್ದು ಮಾಡುವವನು. ಅವನ ಸಿಟ್ಟನ್ನು ಕಣ್ಣಾರೆ ಕಂಡವರು ಇಬ್ಬರೇ: ಹೆಂಡತಿ ಮಂಗಲ, ತಾಯಿ ಲಕ್ಷ್ಮಿಬಾಯಿ. ಕಾರು ಮದುವೆಯಲ್ಲಿ ಮಂಗಲಳ ತಂದೆ ಕಾಕಾಸಾಹೇಬರು ಕೊಟ್ಟದ್ದು. ಮಗಳ ಹೆಸರಿನಲ್ಲಿದ್ದರೆ ಅವಳಿಗೊಂದು ಆಸರೆ ಎಂದುಕೊಂಡು ಕಾಗದಪತ್ರವನ್ನೂ ವಿಮೆಯನ್ನೂ ಅವಳ ಹೆಸರಿಗೇ ಮಾಡಿಸಿದ್ದರು. ಆದರೆ ಅದರ ಕೀಲಿಕೈಯನ್ನು ಅವಳು ಒಮ್ಮೆಯೂ ಹಿಡಿದವಳಲ್ಲ.

ನಿನ್ನೆ ಇಬ್ಬರೂ ಕಾಗವಾಡದ ತವರಿನಿಂದ ಹಿಂದಿರುಗುತ್ತಿದ್ದರು. ಇನ್ನೆರಡು ದಿನ ಇರುತ್ತೇನೆಂದು ಎಲ್ಲರೆದುರು ಕೇಳಿದ್ದೇ ಅವಳ ತಪ್ಪಾಗಿತ್ತು. "ನನ್ನ ಮನ್ಯಾಗ ನಿನಗೇನ ಉಪಾಸ ಕೆಡವೀವೇನ?" ಎಂದು ದಾರಿಯುದ್ದಕ್ಕೂ ಅವನು ಕೇಳುತ್ತಲೇ ಬಂದ. ಮಂಗಸೂಳಿ ದಾಟಿ ಬಹಳ ದೂರ ಬಂದ ಮೇಲೆ ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂತು. ಕಾರು ನಿಂತಿತು. ಹಾರ್ನ್ ಹೊಡೆದಷ್ಟೂ ಕುರಿಗಳು ಗಾಬರಿಯಾಗಿ ಒಂದಕ್ಕೊಂದು ಅಂಟಿಕೊಂಡು ನಿಂತವು.

"ಸಾವಕಾಶ ಹೋಗೂಣ್ರಿ, ದಾಟ್ತಾವ," ಎಂದಳು ಮಂಗಲ.

ಅಷ್ಟೇ ಸಾಕಾಯಿತು. ಸೀಟಿನ ನಡುವೆ ಇದ್ದ ನೀರಿನ ತಂಬಿಗೆಯನ್ನು ಎತ್ತಿ ಅವಳತ್ತ ಬೀಸಿ ಎಸೆದ. ಅವಳು ಅಭ್ಯಾಸದಿಂದೆಂಬಂತೆ ತಲೆ ಬಗ್ಗಿಸಿದಳು. ತಂಬಿಗೆ ಮುಂದಿನ ಗಾಜಿಗೆ ಬಡಿಯಿತು. ಕಣ್ಣು ಮಿಟುಕಿಸುವುದರೊಳಗೆ ಇಡೀ ಗಾಜು ಬೆಳ್ಳಗಾಗಿ, ಉಪ್ಪು ಸುರಿದಂತೆ ಬಾನೆಟ್ಟಿನ ಮೇಲೆ ಸುರಿಯಿತು.

ಕುರಿ ಕಾಯುತ್ತಿದ್ದ ಕಾಡಸಿದ್ದ ಓಡಿ ಬಂದ. ಒಳಗೆ ನಡೆದದ್ದನ್ನು ಅವನು ರಸ್ತೆಯ ಮೇಲಿಂದಲೇ ನೋಡಿದ್ದ. ರಸ್ತೆಗೆ ಬಿದ್ದಿದ್ದ ತಂಬಿಗೆಯನ್ನು ಎತ್ತಿ, ಗಾಜಿಲ್ಲದ ಚೌಕಟ್ಟಿನೊಳಗಿಂದಲೇ ಮಂಗಲಳ ಕೈಗೆ ಕೊಟ್ಟು, "ಪೆಟ್ಟಾತೇನ್ರಿ ಅಕ್ಕಾರ?" ಎಂದು ಕೇಳಿದ. ಆಮೇಲೆ ಪಾರಿಸನತ್ತ ತಿರುಗಿ, "ಹಿಂಗ ಮಾಡಬಾರ್ದ್ರಿ ಸಾವಕಾರ್ರ," ಎಂದ. ಆ ಒಂದು ಮಾತಿಗೆ ಪಾರಿಸನ ಮುಖ ಕಪ್ಪಿಟ್ಟಿತು.

ಊರು ಮುಟ್ಟುತ್ತಲೇ ಅವನು ನೇರವಾಗಿ ಪೊಲೀಸ್ ಠಾಣೆಗೆ ಹೋದ. ಕುರಿಗಾರ ಕಲ್ಲೆಸೆದು ಗಾಜು ಒಡೆದನೆಂದು ದೂರು ಕೊಟ್ಟ. ಮಂಗಲ ಕಾರಿನಲ್ಲೇ ಕುಳಿತಿದ್ದಳು. ಹೋಗಿ ಬರುವವರು ಆ ಖಾಲಿ ಚೌಕಟ್ಟಿನೊಳಗಿಂದ ಅವಳನ್ನೇ ನೋಡಿಕೊಂಡು ಹೋದರು.

ಬೆಳಗಿನ ರೊಟ್ಟಿಯ ಕೆಲಸ ಮುಗಿಯುವ ಹೊತ್ತಿಗೆ ಕಾಡಸಿದ್ದನನ್ನು ಹಿಡಿದು ತಂದ ಸುದ್ದಿ ಬಂತು. ಅದರ ಹಿಂದೆಯೇ ವಿಮೆಯ ಏಜೆಂಟನೂ ಬಂದ. ಬೆಳಗಾವಿಯಿಂದ ಕಂಪನಿಯ ಸರ್ವೇಯರ್ ಬಂದು ಹಾನಿ ನೋಡುವವರೆಗೆ ಹೊಸ ಗಾಜು ಕೂಡಿಸಬಾರದು, ಪಾಲಿಸಿ ಅಕ್ಕಾವರ ಹೆಸರಿನಲ್ಲಿರುವುದರಿಂದ ಏನಾಯಿತೆಂದು ಅವರೇ ಹೇಳಿ ಸಹಿ ಮಾಡಬೇಕು ಎಂದು ತಿಳಿಸಿ ಹೋದ.

ಆಮೇಲೆ ಮಧ್ಯಾಹ್ನ ಕಾಡಸಿದ್ದನ ಹೆಂಡತಿ ಹೊಳೆವ್ವ ಬಾಗಿಲಿಗೆ ಬಂದಳು. ಪಾರಿಸ ಅಂಗಡಿಗೆ ಹೋಗಿದ್ದ. ಹೊಳೆವ್ವನ ಕಾಲು ಮೊಳಕಾಲಿನವರೆಗೆ ಧೂಳಾಗಿತ್ತು.

"ಅಕ್ಕಾರ, ನನ್ನ ಗಂಡ ಕಲ್ಲ ಒಗಿಯಾವ ಅಲ್ರಿ. ನೀವು ಅಲ್ಲೇ ಇದ್ರಿ. ನೀವು ನೋಡೀರಿ. ಒಂದ ಮಾತ ಹೇಳಿದ್ರ ಬಿಡ್ತಾರ. ಕುರಿ ಅಡವ್ಯಾಗ ಬಿಟ್ಟ ಬಂದೀನ್ರಿ, ನೋಡೂವ್ರ ಯಾರೂ ಇಲ್ಲ."

ಮಂಗಲ ಅತ್ತೆಯತ್ತ ನೋಡಿದಳು. ಲಕ್ಷ್ಮಿಬಾಯಿ ನಡುವೆ ಬಂದು, "ಗಂಡಸರ ವ್ಯವಹಾರ ಐತವ್ವ. ಅವರ ನೋಡ್ಕೋತಾರ. ಮಜ್ಜಿಗಿ ಕುಡದ ಹೋಗ," ಎಂದರು. ಹೊಳೆವ್ವ ಮಜ್ಜಿಗೆ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಮಂಗಲಳ ಮುಖವನ್ನೇ ನೋಡಿ, ಎದ್ದು ಹೋದಳು.

ಲಕ್ಷ್ಮಿಬಾಯಿ ಬಟ್ಟೆಯಲ್ಲಿ ನೀರು ಸೋಸತೊಡಗಿದರು. ಸೋಸದ ನೀರನ್ನು ಅವರು ಬಾಯಿಗೆ ಹಾಕಿದವರಲ್ಲ. ಇರುವೆಯ ಸಾಲು ಕಂಡರೆ ಸುತ್ತಿ ಬಳಸಿ ನಡೆಯುವವರು.

"ನೀರಾಗಿನ ಹುಳಾ ಸಾಯಬಾರ್ದಂತ ಸೋಸ್ತೀವಿ, ಅತ್ತಿ," ಎಂದಳು ಮಂಗಲ. "ಆ ಮನಷ್ಯಾಂದೇನು?"

ಲಕ್ಷ್ಮಿಬಾಯಿ ಕೈ ನಿಲ್ಲಿಸಲಿಲ್ಲ. "ಮನಿ ಮಾತ ಮನ್ಯಾಗ ಇರಬೇಕ. ನಿಮ್ಮ ಮಾವಾರ ಏನ ಕಡಿಮಿ ಇದ್ರೇನ? ನಾ ಯಾರ ಮುಂದ ಬಾಯಿ ಬಿಟ್ಟೀನಿ? ಹೊಸ್ತಿಲ ದಾಟಿದ ಮಾತ ತಿರುಗಿ ಬರಂಗಿಲ್ಲ, ಮಗಳ. ನೀ ಎಲ್ಲಿ ಹೋಗ್ತಿ?"

ಎಲ್ಲಿ ಹೋಗುತ್ತಾಳೆ? ಮಂಗಲ ಅದನ್ನೇ ಯೋಚಿಸುತ್ತಿದ್ದಳು. ಕಳೆದ ದೀಪಾವಳಿಯಲ್ಲಿ ತೋಳಿನ ಮೇಲಿನ ಬಾವು ತೋರಿಸಿದಾಗ ತಾಯಿ ಕಣ್ಣೀರು ಹಾಕಿ, "ಹೊಂದಿಕೊಂಡ ಹೋಗವ್ವ, ಇನ್ನ ಸುಂದರಾನ ಲಗ್ನಾ ಆಗೂದೈತಿ," ಎಂದಿದ್ದರು. ಸುಂದರಾ ಅವಳ ತಂಗಿ. ತಂದೆಗೆ ಏನೂ ಗೊತ್ತಿರಲಿಲ್ಲ. ಈ ಮನೆಯಲ್ಲಿ ನಿಜ ಹೇಳಿದರೆ ಇರುವಂತಿಲ್ಲ. ಆ ಮನೆಗೆ ಹೋದರೆ ತಂಗಿಗೆ ತೊಡಕು. ಸುಮ್ಮನಿದ್ದರೆ ಒಬ್ಬ ನಿರಪರಾಧಿ ಜೈಲು ಕಾಣುತ್ತಾನೆ. ಅತ್ತ ಹೋದರೂ ಗೋಡೆ, ಇತ್ತ ಬಂದರೂ ಗೋಡೆ.

ಸಂಜೆ ಪಾರಿಸ ಮೆತ್ತಗಾಗಿದ್ದ. ಅವಳಿಗೆಂದು ದ್ರಾಕ್ಷಿ ತಂದಿದ್ದ.

"ನಾ ಬೇಕಂತ ಒಗದಿಲ್ಲ. ಸಿಟ್ಟಿನ ಕೈ ಅದು. ನಿನಗ ಬಡದಿದ್ರ ನನಗ ಸುಖಾ ಆಗತಿತ್ತೇನ?" ಎಂದ. "ಈಗ ಖರೆ ಹೇಳಿದ್ರ ಪೇಟ್ಯಾಗ ನಾ ಹೆಂಗ ಮಾರಿ ತೋರಸ್ಲಿ? ಆ ಕುರಿಗಾರ ಎಲ್ಲಾ ನೋಡ್ಯಾನ. ಅವ ಮೊದಲ ಹೇಳಿದ್ರ ನನ್ನ ಕಥಿ ಮುಗೀತು. ಅದಕ್ಕ ನಾ ಮೊದಲ ಹೋಗಿ ಹೇಳ್ದೆ."

"ಅವ ಯಾರ ಮುಂದ ಹೇಳಾವಿದ್ದಾ?"

"ನನಗೇನ ಗೊತ್ತ? ವಿಮಾದ ಕೆಲಸ ಮುಗೀಲಿ, ನಾನ ಹೋಗಿ ಕೇಸ್ ತಗಸ್ತೀನಿ. ನಿನ್ನ ಆಣಿ. ನೀ ಒಂದ ಸಹಿ ಮಾಡ."

ಅವನ ಕಣ್ಣಿನಲ್ಲಿ ನಿಜವಾದ ಹೆದರಿಕೆ ಇತ್ತು. ತಾನು ಹೆಣೆದ ಬಲೆಯಲ್ಲಿ ಅವನೂ ಸಿಕ್ಕಿದ್ದನ್ನು ಮಂಗಲ ಕಂಡಳು. ಆದರೆ ಅವನ ಹೆದರಿಕೆಗೆ ಠಾಣೆಯಲ್ಲಿ ಕುಳಿತವನು ಬೇರೆಯವನು. ಅವಳು ಉತ್ತರ ಕೊಡಲಿಲ್ಲ. ಅದನ್ನು ಪಾರಿಸ ಒಪ್ಪಿಗೆ ಎಂದುಕೊಂಡ.

ಮರುದಿನ ಮುಂಜಾನೆ ಸರ್ವೇಯರ್ ಬಂದರು. ಕನ್ನಡಕ ಹಾಕಿದ, ಶಾಂತ ಸ್ವಭಾವದ ನಡುವಯಸ್ಸಿನ ಮನುಷ್ಯ. ಕಾರನ್ನು ಸುತ್ತಿ ನೋಡಿ, ಫೋಟೋ ತೆಗೆದುಕೊಂಡು, ಪಡಸಾಲೆಯಲ್ಲಿ ಕುಳಿತರು. ಪಾರಿಸ ಚಹಾ ತರಿಸಿದ. ಕಲ್ಲು ಯಾವ ಕಡೆಯಿಂದ ಬಂತು, ಕುರಿಗಾರ ಎಷ್ಟು ದೂರ ನಿಂತಿದ್ದ, ಎಲ್ಲವನ್ನೂ ಕೇಳದೆಯೇ ಹೇಳಿದ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಬಾಗಿಲ ಬಳಿ ನಿಂತಿದ್ದ ಮಂಗಲಳತ್ತ ತಿರುಗಿದರು.

"ತಂಗಿ, ಪಾಲಿಸಿ ನಿಮ್ಮ ಹೆಸರಿಲೆ ಐತಿ. ನೀವು ಹೇಳಿದ್ದನ್ನ ನಾ ಬರ್ಕೋಬೇಕು. ಕಲ್ಲು ಹೆಂಗ ಬಂತು?"

ಪಾರಿಸ ಚಹಾದ ಕಪ್ಪನ್ನು ಸದ್ದಾಗುವಂತೆ ಬಸಿಯ ಮೇಲಿಟ್ಟ. ಅವನು ಅವಳನ್ನೇ ನೋಡುತ್ತಿದ್ದ. ಮಂಗಲ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಕಲ್ಲ ಬರಲಿಲ್ರಿ," ಎಂದಳು. ತನ್ನ ದನಿ ತನಗೇ ಬೇರೆಯವರದೆನಿಸಿತು. "ಗ್ಲಾಸ್ ಒಳಗಿನಿಂದ ಒಡದೈತಿ. ನನಗ ಒಗದ ತಂಬಗಿ ಬಡದ ಒಡದೈತಿ. ಕುರಿ ಕಾಯಾವಂದ ಏನೂ ತಪ್ಪಿಲ್ಲ."

ಪಾರಿಸ ಎದ್ದು ನಿಂತ. ಬಲವಂತವಾಗಿ ನಕ್ಕ. "ಅಕಿ ಮಾತ ಹಿಡೀಬ್ಯಾಡ್ರಿ ಸಾಹೇಬ್ರ. ಮೊನ್ನಿಯಿಂದ ಗಾಬರಿ ಆಗ್ಯಾಳ. ಅಕೀಗೆ ತಲಿ ನೆಟ್ಟಗಿಲ್ಲ. ಬೇಕಾದ್ರ ನಮ್ಮವ್ವನ್ನ ಕೇಳ್ರಿ. ಅವ್ವಾ, ಹೇಳಬೇ."

ಲಕ್ಷ್ಮಿಬಾಯಿ ಅಡುಗೆಮನೆಯಿಂದ ಬಂದರು. ಮಗನ ಮುಖ ನೋಡಿದರು.

"ನಿಮ್ಮಪ್ಪಾನೂ ಹಿಂಗ ಅಂತಿದ್ದ," ಎಂದರು. "ನನ್ನ ಅಣ್ಣ ಕೇಳಾಕ ಬಂದಾಗ, ಇದ ಪಡಸಾಲ್ಯಾಗ ಕುಂತ, ನಿಮ್ಮ ತಂಗೀಗಿ ತಲಿ ನೆಟ್ಟಗಿಲ್ಲ ಅಂದಿದ್ದ. ಅಣ್ಣ ನಂಬಿ ಹೋದ. ತಿರುಗಿ ಬರಲಿಲ್ಲ." ಸರ್ವೇಯರ್ ಕಡೆಗೆ ತಿರುಗಿದರು. "ನನ್ನ ಸೊಸೀ ತಲಿ ನೆಟ್ಟಗೈತ್ರಿ, ಸಾಹೇಬ್ರ. ಅಕಿ ಹೇಳಿದ್ದ ಖರೆ."

ಪಾರಿಸ ಕುಳಿತುಬಿಟ್ಟ. ಸರ್ವೇಯರ್ ಪೆನ್ನಿನ ಟೊಪ್ಪಿಗೆ ಹಾಕಿದರು.

"ಕೈಯಾರೆ ಒಡದದ್ದಕ್ಕ ವಿಮಾ ಕೊಡಾಕ ಬರೂದಿಲ್ಲ. ಕ್ಲೇಮ್ ಬ್ಯಾಡಂತ ನೀವ ಬರದ ಕೊಟ್ರ ನಾ ಇಲ್ಲಿಗೇ ಬಿಡ್ತೀನಿ. ಠಾಣೇದ ಮಾತ ಮಾತ್ರ ನೀವ ಹೋಗಿ ಸರಿ ಮಾಡಬೇಕು," ಎಂದರು. ಮಂಗಲ ಬರೆದು ಕೊಟ್ಟಳು. ಅವರು ಚಹಾ ಕುಡಿಯದೆಯೇ ಹೋದದ್ದು ಆಮೇಲೆ ಕಂಡಿತು.

ಅತ್ತೆ ಸೊಸೆ ಇಬ್ಬರೂ ತಲೆಯ ಮೇಲೆ ಸೆರಗು ಹೊದ್ದು ಪೇಟೆಯ ನಡುವೆಯೇ ಠಾಣೆಗೆ ನಡೆದರು. ಇಬ್ಬರೂ ಎಂದೂ ಕಾಲಿಡದ ಜಾಗ. ಒಳಗೆ ಮಂಗಲ ಮತ್ತೊಮ್ಮೆ ಅದೇ ಮಾತು ಹೇಳಬೇಕಾಯಿತು. ಮೊದಲಿನಷ್ಟು ಕಷ್ಟವಾಗಲಿಲ್ಲ. ಠಾಣೆಯ ಸಾಹೇಬರು ಸುಳ್ಳು ದೂರು ಕೊಟ್ಟವನನ್ನು ಕರೆಸಿ ವಿಚಾರಿಸುತ್ತೇನೆಂದು ಗದರಿ, ಕಾಡಸಿದ್ದನನ್ನು ಬಿಟ್ಟರು.

ಹೊರಗೆ ಹೊಳೆವ್ವ ಕಾಯುತ್ತಿದ್ದಳು. ಕಾಡಸಿದ್ದ ರುಮಾಲು ಸರಿಮಾಡಿಕೊಳ್ಳುತ್ತ ಮಂಗಲಳ ಮುಂದೆ ನಿಂತ.

"ಅಕ್ಕಾರ, ಇದರಿಂದ ನಿಮಗ ಮನ್ಯಾಗ ತ್ರಾಸ ಆಗೂದಿಲ್ಲಲ್ರಿ?"

ಮಂಗಲಳಿಗೆ ಅಳು ಬಂತು. ಎರಡು ದಿನದಿಂದ ಯಾರೂ ಕೇಳದ ಪ್ರಶ್ನೆ ಅದು. "ನಮ್ಮಿಂದ ತಪ್ಪಾತು," ಎಂದಷ್ಟೇ ಹೇಳಿದಳು. ಗಂಡಹೆಂಡಿರು ಕುರಿಗಳ ಚಿಂತೆಯಲ್ಲಿ ಲಗುಬಗೆಯಿಂದ ಹೊರಟರು.

ಮನೆಗೆ ಬಂದಾಗ ಪಾರಿಸ ಅಂಗಡಿಗೆ ಹೋಗದೆ ಪಡಸಾಲೆಯಲ್ಲೇ ಕುಳಿತಿದ್ದ. "ಊರ ಮುಂದ ನನ್ನ ಮಾನಾ ತಗದಿ," ಎಂದ. ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು.

"ನಾ ಕಾಗವಾಡಕ ಹೊಂಟೀನಿ," ಎಂದಳು ಮಂಗಲ. "ಅಪ್ಪನ ಮುಂದ ಏನಾತಂತ ಹೇಳಬೇಕು. ನೀವ ಬಂದ ಹೇಳ್ರಿ. ಇಲ್ಲಾಂದ್ರ ನಾ ಹೇಳ್ತೀನಿ."

ಅವನು ತಾಯಿಯತ್ತ ನೋಡಿದ. ಲಕ್ಷ್ಮಿಬಾಯಿ ಸೊಸೆಯ ಚೀಲಕ್ಕೆ ಸೀರೆ ಮಡಚಿ ಇಡುತ್ತಿದ್ದರು. ಅವನು ಎದ್ದು ಚಪ್ಪಲಿ ಮೆಟ್ಟಿದ.

ಇಬ್ಬರೂ ಬಸ್ಸು ಹತ್ತಿದರು. ಕಾಗವಾಡದ ಮನೆಯ ಮುಂದೆ ಕಾಕಾಸಾಹೇಬರು ಕಟ್ಟೆಯ ಮೇಲೆ ಕುಳಿತಿದ್ದರು.

"ಬರ್ರಿ, ಬರ್ರಿ. ಬಸ್ಸಿಗೆ ಬಂದ್ರ್ಯಾ? ಕಾರ್ ಎಲ್ಲೈತಿ?"

"ಗ್ಲಾಸ್ ಒಡದೈತ್ರಿ," ಎಂದ ಪಾರಿಸ.

"ಹೆಂಗ ಒಡೀತು?"

ಒಳಗಿನಿಂದ ಮಂಗಲಳ ತಾಯಿ ನೀರಿನ ಚೆಂಬು ಹಿಡಿದು ಬಂದು ನಿಂತರು. ಪಾರಿಸ ನೆಲ ನೋಡಿದ. ಮಂಗಲ ಕಾದಳು. ಅವನು ಹೇಳದಿದ್ದರೆ ಹೇಳುವುದಕ್ಕೆ ಈಗ ಅವಳ ಹತ್ತಿರ ಮಾತಿತ್ತು.

"ನಾ ಒಡದ್ನಿ, ಮಾವಾರ," ಎಂದ ಕೊನೆಗೆ. "ಮಂಗಲಾಗ ತಂಬಗಿ ಒಗದ್ನಿ. ಅದ ಗ್ಲಾಸಿಗೆ ಬಡೀತು. ಮೊದಲನೇ ಸಲಾ ಅಲ್ಲ. ಸುಳ್ಳ ಹೇಳಿ ಒಬ್ಬ ಬಡವನ್ನ ಠಾಣೇಕ ಕಳಸಿದ್ನಿ. ತಪ್ಪಾತು. ಗ್ಲಾಸ್ ಮಿರಜದಿಂದ ತಂದ ನಾ ಕೂಡಸ್ತೀನಿ."

ಕಾಕಾಸಾಹೇಬರು ತಿರುಗಿ ಹೆಂಡತಿಯ ಮುಖ ನೋಡಿದರು. ಆಕೆ ತಲೆ ಬಗ್ಗಿಸಿದ್ದರಿಂದ ಆಕೆಗೆ ಇದು ಹೊಸದಲ್ಲವೆಂದು ಅವರಿಗೆ ತಿಳಿಯಿತು.

"ಗ್ಲಾಸಿನ ಚಿಂತಿ ನನಗಿಲ್ಲ," ಎಂದರು. "ಅಕಿ ಇಲ್ಲೇ ಇರತಾಳ. ನಿಮ್ಮ ಕೈ ನಿಮ್ಮ ಮಾತ ಕೇಳತೈತಿ ಅನ್ನೂದ ಅಕೀಗೆ ನಂಬಿಕಿ ಬರಬೇಕು. ಅಕೀನ ಬರ್ತೀನಿ ಅಂದಾಗ ಕರ್ಯಾಕ ಬರ್ರಿ. ಅಕಿ ಅನ್ನದಿದ್ರ ಬರಬ್ಯಾಡ್ರಿ."

ಪಾರಿಸ ಕೈ ಮುಗಿದು ಬಸ್ ನಿಲ್ದಾಣದ ಕಡೆಗೆ ಒಬ್ಬನೇ ನಡೆದ.

ಮಂಗಲ ಚೀಲ ಹಿಡಿದು ಒಳಗೆ ಬಂದಳು. ತಾಯಿ ಹಿಂದೆಯೇ ಬಂದು, ತವರಿಗೆ ಬಂದ ಹೆಣ್ಣುಮಕ್ಕಳನ್ನು ಕೇಳುವ ರೂಢಿಯಂತೆ, "ಎಷ್ಟ ದಿನಾ..." ಎಂದು ಬಾಯಿಗೆ ಬಂದದ್ದನ್ನು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ಕಪಾಟಿನ ಬಾಗಿಲು ತೆಗೆದು, ತಮ್ಮ ಸೀರೆಗಳನ್ನೆಲ್ಲ ಎತ್ತಿ ಮಂಚದ ಮೇಲಿಟ್ಟು, ನಡುವಿನ ಖಾನೆಯನ್ನು ಒರೆಸಿ ಖಾಲಿ ಮಾಡತೊಡಗಿದರು.